ತಮಿಳು ಗ್ರೂಪಿನಲ್ಲಿ ನನ್ನ ಪಟ್ಟದ ಗೊಂಬೆ

ಫೋನಿನಲ್ಲಿ ಈ ಗ್ರೂಪು ಅನ್ನೋದು ಬಂದ ಮೇಲೆ ನನಗೆ ಮೈ ಉರಿಯದ ದಿನವೇ ಇಲ್ಲ. ಒಂದು ಉರಿ ಆರಿತು ಅನ್ನೋಷ್ಟರಲ್ಲಿ ಇನ್ನೊಂದು.

ಸೇರಿಸಿದ್ದು

ನಾವು ಕೋಲಾರದ ಕಡೆಯವರು. ಈಗ ಇರೋದು ಡೆಲ್ಲಿಯ ಕಿದ್ವಾಯಿ ನಗರದಲ್ಲಿ, ಮಗನ ಸರ್ಕಾರಿ ಕ್ವಾರ್ಟರ್ಸಿನಲ್ಲಿ. ತಮಿಳು ಚೆನ್ನಾಗಿ ಆಡ್ತೀನಿ, ಓದೋಕೆ ಬರಲ್ಲ. ಕನ್ನಡವನ್ನೇ ಕೂಡಿಸಿ ಕೂಡಿಸಿ ಓದೋಳು ನಾನು. "ವಾಯ್ಸ್ ಮೆಸೇಜ್ ಇದೆಯಲ್ಲಾ" ಅಂತ ಮೇಲಿನ ಮನೆ ಮಾಮಿ ನನ್ನನ್ನ ಡೆಲ್ಲಿ ತಮಿಳರ ಗ್ರೂಪಿಗೆ ಸೇರಿಸಿದಳು.

ಅಡ್ಮಿನ್ ಅಂತ ಒಬ್ಬ ಇದ್ದಾನೆ, ಗ್ರೇಟರ್ ನೋಯ್ಡಾದ ರಿಟೈರ್ಡ್ ಆಫೀಸರು. ಆಫೀಸು ಬಿಟ್ಟರೂ ದರ್ಪ ಬಿಟ್ಟಿಲ್ಲ. ಸಾಂಬಾರಿಗೆ ಬೆಲ್ಲ ಬೇಕೋ ಬೇಡವೋ ಅಂತ ಜಗಳ ಎದ್ದಾಗ, ಬೇಕು ಅಂದ ಸ್ವಂತ ಹೆಂಡತಿಯನ್ನೇ ಗ್ರೂಪಿನಿಂದ ತೆಗೆದುಹಾಕಿದ. ಮಾರನೆಯ ಬೆಳಿಗ್ಗೆ ಅವನದೇ ಮೆಸೇಜು: "ನಮ್ಮ ಕಡೆ ಮನೆಗೆ ಊಟ ತಂದುಕೊಡೋರು ಯಾರಾದರೂ ಇದ್ದಾರಾ?"

ಕಾಲು

ನವರಾತ್ರಿಗೆ ಗೊಂಬೆ ಕೂರಿಸಿದ್ದೆ. ನಡುವೆ ನನ್ನ ಪಟ್ಟದ ಗೊಂಬೆಗಳು, ರಾಜ ರಾಣಿ. ಮದುವೆಯಲ್ಲಿ ನಮ್ಮಮ್ಮ ಕೈಯಾರೆ ಜರಿ ಬಟ್ಟೆ ಉಡಿಸಿ ಕೊಟ್ಟಿದ್ದು. ಅಮ್ಮನದು ಅಂತ ನನ್ನ ಹತ್ತಿರ ಉಳಿದಿರೋದು ಅದೊಂದೇ. ಮಾಮಿ ಕುಂಕುಮಕ್ಕೆ ಬಂದಳು, ಕೋಸಂಬರಿ ತಿಂದಳು, ಫೋಟೋ ತೆಗೆದಳು, ಹೋದಳು.

ಸಾಯಂಕಾಲ ಗ್ರೂಪು ತೆಗೆದರೆ ಅದೇ ಫೋಟೋ! ಜೊತೆಗೆ ಮಾಮಿಯ ರಾಗ: "ನಮ್ಮ ಮನೆ ಕೊಲು. ಅಜ್ಜಿಯ ಕಾಲದ ಬೊಂಬೆಗಳು." ಗೊಂಬೆ ಕೂರಿಸೋದನ್ನ ಅವರು ಕೊಲು ಅಂತಾರೆ. ಅಷ್ಟು ದೂರದ ಮಾನೇಸರದಿಂದ ಹಿಡಿದು ಎಲ್ಲಾ ಕಡೆಯಿಂದ ಹೊಗಳಿಕೆಯೋ ಹೊಗಳಿಕೆ. ಫೋಟೋದ ಮೂಲೆಯಲ್ಲಿ, ಸೋಫಾದ ಮೇಲೆ ಮಲಗಿದ್ದ ನಮ್ಮ ಯಜಮಾನರ ಬರಿಗಾಲು ಬೇರೆ. ಮಾಮಿಯ ಗಂಡ ಚೆನ್ನೈಗೆ ಹೋಗಿರುವಾಗ ಅವಳ ಮನೆಯಲ್ಲಿ ಆ ಗಂಡುಕಾಲು ಯಾರದು ಅಂತ ಒಬ್ಬರಾದರೂ ಕೇಳಬೇಡವಾ!

ಮೆಟ್ಟಿಲ ಮೇಲೆ

ಬಾಯಿಗೆ ಬಂದ ಹಾಗೆ ಬೈದು ವಾಯ್ಸ್ ಮೆಸೇಜ್ ಹಾಕಿದೆ. "ಹಬ್ಬದ ದಿನ ಜಗಳ ನಿಷೇಧ" ಅಂತ ಅಡ್ಮಿನ್ ಪೂರ್ತಿ ಕೇಳದೆಯೇ ಅಳಿಸಿದ. "ಅಜ್ಜೀ, ಛೋಡೋ ನಾ, ಬರೀ ಫೋಟೋ ತಾನೇ" ಅಂದಳು ಮೊಮ್ಮಗಳು. ಬರೀ ಫೋಟೋ ಅಂತೆ! ನಮ್ಮಮ್ಮನ ಕೈಕೆಲಸ ಇನ್ನೊಬ್ಬಳ ಅಜ್ಜಿಯ ಪಾಲಾಗಬೇಕಾ?

ಮಾಮಿಯನ್ನ ಮೆಟ್ಟಿಲ ಮೇಲೇ ಹಿಡಿದೆ. "ಏನ್ ಮಾಮಿ, ನನ್ನ ಗೊಂಬೆ ಯಾವಾಗ ನಿಮ್ಮ ಅಜ್ಜಿಯದಾಯ್ತು?"

"ಅಜ್ಜಿಯ ಕಾಲದ್ದು ಅಂದೆ, ನನ್ನ ಅಜ್ಜಿ ಅಂದ್ನಾ? ನೀವೂ ಅಜ್ಜಿ ತಾನೇ?" ಅಂದುಬಿಟ್ಟಳು ಗಯ್ಯಾಳಿ. ಅವಳು ನನಗಿಂತ ಚಿಕ್ಕವಳೇನಲ್ಲ. ಕೂದಲಿಗೆ ಬಣ್ಣ ಹಚ್ಚೋದು ಯಾರಿಗೆ ಗೊತ್ತಿಲ್ಲ!

ದರ್ಬಾರು

ಅಷ್ಟಕ್ಕೇ ಮುಗೀಲಿಲ್ಲ. ಅಡ್ಮಿನ್ "ಮಾಮಿಯ ಕೊಲುವೇ ಈ ಸಲ ಎಲ್ಲಕ್ಕಿಂತ ಚಂದ, ನಾಳೆ ಎಲ್ಲರೂ ಹೋಗಿ ನೋಡೋಣ" ಅಂದುಬಿಟ್ಟ. ಮಾಮಿ ಮನೆಯಲ್ಲಿ ಒಂದು ಮಣ್ಣಿನ ಗಿಣಿಯೂ ಇಲ್ಲ.

ಮಾರನೆಯ ಮಧ್ಯಾಹ್ನ ನಮ್ಮ ಬಾಗಿಲ ಹೊರಗೆ ರೇಷ್ಮೆ ಸೀರೆಗಳ ಸರಪರ. ಮಾಮಿ ಹೇಳ್ತಿದ್ದಳು, "ನಮ್ಮದು ಚಿಕ್ಕ ಹಾಲ್, ಅದಕ್ಕೇ ಕೆಳಗಿನ ಮನೆಯಲ್ಲಿ ಜೋಡಿಸಿದೀನಿ."

ಕೇಳಿ ನನ್ನ ತಲೆ ಕಾದ ಹಂಚಾಯಿತು. ಪಟ್ಟದ ಗೊಂಬೆಯನ್ನ ವಿಜಯದಶಮಿ ರಾತ್ರಿ ಮಲಗಿಸಬೇಕು. ಅಲ್ಲಿಗೆ ಹಬ್ಬ ಮುಗಿದ ಹಾಗೆ, ಆಮೇಲೆ ಯಾರಿಗೂ ತೋರಿಸೋ ಹಾಗಿಲ್ಲ. ಇನ್ನೂ ದಶಮಿ ಬಂದಿರಲಿಲ್ಲ. ತಪ್ಪಾಯ್ತಮ್ಮಾ ಅಂತ ದೇವಿಗೆ ಕೈಮುಗಿದು ರಾಜ ರಾಣಿಯನ್ನ ಮಲಗಿಸಿ, ಮೇಲೆ ಟವೆಲ್ಲು ಹೊದಿಸಿ, ಬಾಗಿಲು ತೆಗೆದೆ.

"ಶ್! ಮಲಗಿದ್ದಾರೆ."

"ಈ ಹೊತ್ತಿನಲ್ಲಾ?" ಅಂದ ಅಡ್ಮಿನ್.

"ಇನ್ನೇನು ಮತ್ತೆ? ನನ್ನ ಮನೆಯ ರಾಜ, ನಿಮ್ಮ ಫೋನಿನಲ್ಲಿ ಮಾಮಿ ಮನೆಯ ದರ್ಬಾರು ನಡೆಸಿ ನಡೆಸಿ ಸುಸ್ತಾಗಿದ್ದಾನೆ. ಎದ್ದು ಕೂತು ಮುಖ ತೋರಿಸಬೇಕು ಅಂದರೆ, ಅವನು ಯಾರ ಮನೆಯವನು ಅಂತ ಮಾಮಿ ಬಾಯಲ್ಲೇ ಬರಲಿ."

ಎಲ್ಲರೂ ಮಾಮಿ ಕಡೆ ತಿರುಗಿದರು. ಮಾಮಿ ಫ್ಯಾನ್ ನೋಡಿದಳು, ನೆಲ ನೋಡಿದಳು. ಕೊನೆಗೆ ಗಂಟಲಲ್ಲೇ ಅಂದಳು, "ಬೊಂಬೆ... ಇವರದ್ದೇ."

ಟವೆಲ್ಲು ತೆಗೆದೆ. "ಎದ್ದೇಳಪ್ಪಾ ಮಹಾರಾಜ, ನಿನ್ನ ಅಡ್ರೆಸ್ ಸರಿಹೋಯ್ತು!"