ಇಪ್ಪತ್ನಾಲ್ಕನೇ ಅಡಿ

ಪಿಳ್ಳಣ್ಣನ ಮನೆ ಬಾಗಿಲಿಗೆ ಇದ್ದದ್ದು ಮೂರೇ ಮೆಟ್ಟಿಲು. ಸೊಂಟದ ಆಪರೇಷನ್ ಮುಗಿಸಿದ ಅವನ ತಾಯಿ ಗೋವಿಂದಮ್ಮ ಸಂಜೆ ನಾಲ್ಕಕ್ಕೆ ಗಾಲಿಕುರ್ಚಿಯಲ್ಲಿ ಬರುವವರಿದ್ದರು. "ನನ್ನ ಮೂಟೆ ಥರ ಎತ್ತಿದ್ರೆ ನೋಡು, ವಾಪಸ್ ಆಸ್ಪತ್ರೆಗೇ ಹೋಗ್ತೀನಿ!" ಎಂದು ಫೋನಿನಲ್ಲೇ ಗುಡುಗಿದ್ದರು.

ಒಂದು ಹಲಗೆ ಒರಗಿಸಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ಸಾರಕ್ಕಿಯ ಆ ಗಲ್ಲಿಯಲ್ಲಿ ಟ್ಯೂಷನ್ ಮೇಷ್ಟ್ರು ಸೋಮನಾಥ್ ಇದ್ದರು. ಹಲಗೆ ಕಂಡದ್ದೇ ತಡ, ಪಂಚೆ ಎತ್ತಿ ಕಟ್ಟಿ ಓಡಿಬಂದರು.

"ಏನ್ರೀ, ಅಮ್ಮನ್ನ ಜಾರುಬಂಡೆ ಆಡಿಸ್ತೀರಾ? ಗ್ರಾಫ್ ಹಾಕ್ದೆ ಹಲಗೆ ಇಡ್ತಾರಾ ಯಾರಾದ್ರೂ? ಗೋಡೆ ವೈ, ರೋಡು ಎಕ್ಸ್. ಹೊಸ್ತಿಲು ಎರಡಡಿ ಎತ್ತರ, ಗೆರೆ ಅಲ್ಲಿಂದ ಶುರು. ಹನ್ನೆರಡಡಿ ಹೋದ್ರೆ ಒಂದಡಿ ಇಳೀಬೇಕು, ಅದು ಸ್ಲೋಪು. ನೆಲ ಎಲ್ಲಿ ಮುಟ್ಟುತ್ತೆ ಹೇಳಿ?"

ಒಂಬತ್ತನೇ ಕ್ಲಾಸಿನಲ್ಲಿ ಇದೇ ಗೆರೆಗೆ ಹೆದರಿ ಶಾಲೆ ಬಿಟ್ಟಿದ್ದ ಪಿಳ್ಳಣ್ಣ ಈಗಲೂ ಬೆವರಿದ. ಉತ್ತರವನ್ನು ಮೇಷ್ಟ್ರೇ ದಾರ ಹಿಡಿದು ತೋರಿಸಿದರು: ಇಪ್ಪತ್ನಾಲ್ಕು ಅಡಿ. ರಸ್ತೆ ಇದ್ದದ್ದು ಇಪ್ಪತ್ತೇ. ದಾರ ರಸ್ತೆ ದಾಟಿ, ಎದುರಿನ ನೀಲಗಂಗಮ್ಮನ ನಡುಮನೆಗೆ ನಾಲ್ಕಡಿ ನುಗ್ಗಿ ಟೀವಿ ಮುಂದೆ ಕೂತಿತು.

"ಸಾರ್, ಸ್ವಲ್ಪ ಮೊದ್ಲೇ ನಿಲ್ಸೋಕಾಗಲ್ವಾ?"

"ಆಟೋನೇ ಹೇಳಿದ ಕಡೆ ನಿಲ್ಲಲ್ಲ, ಗೆರೆ ನಿಲ್ಲುತ್ತೇನ್ರೀ?"

ನೀಲಗಂಗಮ್ಮ ಪೊರಕೆ ಹಿಡಿದೇ ಬರುತ್ತಾಳೆಂದು ಪಿಳ್ಳಣ್ಣ ಎರಡು ಹೆಜ್ಜೆ ಹಿಂದೆ ಸರಿದ. ಅವಳು ದಾರ ನೋಡಿದಳು. ಮೂಲೆಯ ಗಾಲಿಕುರ್ಚಿಯಲ್ಲಿ "ಸಾರಿಗೆ ಉಪ್ಪಿಲ್ಲ, ಫ್ಯಾನಿಗೆ ಗಾಳಿಯಿಲ್ಲ" ಎಂದು ಬೆಳಗ್ಗೆಯಿಂದ ವಟಗುಟ್ಟುತ್ತಿದ್ದ ಅತ್ತೆ ತಿಮ್ಮಕ್ಕನನ್ನು ನೋಡಿದಳು. ಮುಖ ಖುಷಿಗೆ ಪೂರಿಯಂತೆ ಉಬ್ಬಿತು.

"ಇಷ್ಟೇನಾ ಅಣ್ಣ? ಹಾಕ್ಕೊಳ್ಳಿ. ಗಟ್ಟಿಯಾಗೇ ಹಾಕ್ಕೊಳ್ಳಿ."

ನಾಮಕರಣಕ್ಕೂ ತಿಥಿಗೂ ಶಾಮಿಯಾನ ಹಾಕಿ ರೋಡು ಮುಚ್ಚುವ ಗಲ್ಲಿಗೆ ಇದೇನು ಹೊಸದೇ? ಶಾಮಿಯಾನದ ಭೀಮೇಶ್ ಮದುವೆ ಸ್ಟೇಜಿನ ಹಲಗೆಗಳನ್ನು ತಂದು ಮನೆಯಿಂದ ಮನೆಗೆ ಬಿಗಿದ. ಬೈಕಿನವರು ಬೈದುಕೊಂಡು ವಾಪಸಾದರು. ಬೀದಿನಾಯಿಯೊಂದು ಎರಡು ಸಲ ಹತ್ತಿಳಿದು ಪಾಸು ಮಾಡಿತು.

ನಾಲ್ಕಕ್ಕೆ ಗೋವಿಂದಮ್ಮ ಬಂದರು. ಇಳಿಜಾರಿನ ಬುಡ ಇದ್ದದ್ದು ನೀಲಗಂಗಮ್ಮನ ಮನೆಯೊಳಗೆ. ಹಾಗಾಗಿ ಮೊದಲು ಪಕ್ಕದ ಬಾಗಿಲಿನಿಂದ ಅಲ್ಲಿಗೇ ಕರೆತರಬೇಕಾಯಿತು. ಬಂದವರ ಕೈಗೆ ಕಾಫಿ ಸಿಕ್ಕಿತು, ಕಣ್ಣಿಗೆ ಸೀರಿಯಲ್ ಸಿಕ್ಕಿತು. ಅವರು ಒಮ್ಮೆ ತಲೆಯೆತ್ತಿ ಇಳಿಜಾರನ್ನು ನೋಡಿದರು.

"ಲೋ ಪಿಳ್ಳ, ಆ ಗುಡ್ಡ ಯಾರೋ ಹತ್ತೋರು? ಇಲ್ಲೆಲ್ಲ ಸಮ ಇದೆ. ನಾನಿಲ್ಲೇ ಇರ್ತೀನಿ ಹೋಗು."

ಪಿಳ್ಳಣ್ಣ ಅರ್ಧ ಗಂಟೆ ಕೈಮುಗಿದ, ಕಾಲು ಹಿಡಿದ. ಅವರು ಟೀವಿಯಿಂದ ಕಣ್ಣು ತೆಗೆಯಲಿಲ್ಲ. ಬೆನ್ನ ಹಿಂದೆ ಗಾಲಿ ಕಿರುಗುಟ್ಟಿದ್ದಾಗಲಿ, ಹಲಗೆ ಲಟಪಟ ಎಂದದ್ದಾಗಲಿ ಅವನ ಗಮನಕ್ಕೆ ಬರಲಿಲ್ಲ. ಸೋತು ಹೊರಗೆ ಬಂದರೆ ರಸ್ತೆ ಖಾಲಿ. ಯಡಿಯೂರಿನಲ್ಲಿ ರಿಸೆಪ್ಷನ್ ಇತ್ತೆಂದು ಭೀಮೇಶ್ ಹಲಗೆಯೆಲ್ಲ ಟೆಂಪೋಗೆ ತುಂಬಿ ಹೋಗಿಬಿಟ್ಟಿದ್ದ. ಎದುರಿಗೆ ಮತ್ತೆ ಅವೇ ಮೂರು ಮೆಟ್ಟಿಲು.

ಮೆಟ್ಟಿಲ ಮೇಲೆ, ಅವನ ಹೊಸ್ತಿಲಲ್ಲಿ, ತಿಮ್ಮಕ್ಕ ಗಾಲಿಕುರ್ಚಿಯಲ್ಲಿ ಗಾಳಿಗೆ ಮುಖವೊಡ್ಡಿ ಕೂತಿದ್ದರು. ಎದುರುಮನೆ ಕಿಟಕಿಯಲ್ಲಿ ನೀಲಗಂಗಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದಳು.

"ಗೆರೆಗೆ ಎರಡು ತುದಿ ಇರುತ್ತೆ ಕಣ್ರೀ," ಎಂದರು ಮೇಷ್ಟ್ರು. "ಅದನ್ನ ಹೇಳ್ಕೊಡೋ ಅಷ್ಟರಲ್ಲಿ ನೀವು ಸ್ಕೂಲ್ ಬಿಟ್ಬಿಟ್ರಿ."

ಪಿಳ್ಳಣ್ಣ ಹಲ್ಲು ಕಚ್ಚಿ, ಅಂಗಿ ತೋಳು ಮಡಚಿ ಮೆಟ್ಟಿಲ ಕಡೆ ನಡೆದ.

"ಏಯ್," ಎಂದರು ತಿಮ್ಮಕ್ಕ, "ನನ್ನ ಮೂಟೆ ಥರ ಎತ್ತಿದ್ರೆ ನೋಡು!"