ಪಡುವಣ ಕಂಬ

ನಮ್ಮ ಕಾಕಾನಿಗೆ ಹುಚ್ಚು ಹಿಡಿದಿದೆ ಎಂದು ಸವಣೂರಿನಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ದಿನಾ ಸಂಜೆ ಖಾಲಿ ಮೈದಾನಕ್ಕೆ ಹೋಗಿ, ಅಲ್ಲಿ ಇಲ್ಲದ ಹನ್ನೊಂದು ಮಂದಿಗೆ ಬೈದು ಬರುತ್ತಿದ್ದ, ಅಷ್ಟೇ. ಇದ್ದವರಿಗೆ ಬೈದರೆ ತಿರುಗಿ ಬೈಯುತ್ತಾರೆ. ಇಲ್ಲದವರಿಗೆ ಬೈಯುವುದೇ ಜಾಣತನ ಅಲ್ಲವೇ?

ಆ ಹನ್ನೊಂದು ಮಂದಿ ಒಂದು ಕಾಲಕ್ಕೆ ಊರಿನ ಫುಟ್‌ಬಾಲ್ ತಂಡ. ಕಾಕಾ ಅದರ ಮ್ಯಾನೇಜರ್. ಜನ್ಮದಲ್ಲಿ ಚೆಂಡು ಒದ್ದವನಲ್ಲ. ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸುತ್ತಿದ್ದ ಆಚಾರ್ಯ. ಆದರೆ ಚೆಂಡು ಇಡುವ ಕಪಾಟಿನ ಕೀಲಿ ಅವನ ಕಡೆ ಇತ್ತು! ನಾನು ಕಾಲೇಜಿನಲ್ಲಿದ್ದಾಗ ಈ ತಂಡ ಶಿಗ್ಗಾಂವದವರ ಎದುರು ಆಡಿತು. ಗೆದ್ದವರು ಹಾವೇರಿಯ ಫೈನಲ್ಲಿಗೆ, ಸೋತವರು ಮನೆಗೆ. ಕೊನೆಯವರೆಗೂ ಒಂದೂ ಗೋಲಿಲ್ಲ. ಇನ್ನೇನು ಸೀಟಿ ಊದಬೇಕು, ಶಿಗ್ಗಾಂವದವರಿಗೆ ಪೆನಾಲ್ಟಿ ಸಿಕ್ಕಿತು. ಚೆಂಡು ಪಡುವಣ ಕಂಬದ ಕಡೆ ಹೋಯಿತು, ನಮ್ಮ ಗೋಲ್‌ಕೀಪರ್ ಇಮಾಮಸಾಬ ಮೂಡಣ ಕಂಬದ ಕಡೆ ಹಾರಿದ. ಒಂದೇ ಗೋಲಿನಿಂದ ಸೋತೆವು.

ಇಮಾಮಸಾಬ ಕಾಕಾನ ಜೀವದ ಗೆಳೆಯ. ವೀಳ್ಯದೆಲೆ ವ್ಯಾಪಾರ ಅವನದು. ಅಂದಿನಿಂದ ಅವನ ಹೆಸರು ತೂತುಗೈ ಇಮಾಮ ಎಂದೇ ಆಯಿತು. ಎಲೆ ಕೊಳ್ಳಲು ಬಂದವರೂ ಬಿಡುತ್ತಿರಲಿಲ್ಲ. "ಕೊಡೋದ್ರಾಗ ಶ್ಯಾಣ್ಯಾ ಅದಿ ಇಮಾಮ, ಹಿಡಿಯೋದ್ರಾಗ ಅಷ್ಟ ಕಡಿಮಿ." ಅವನು ನಕ್ಕು ಎರಡೆಲೆ ಹೆಚ್ಚು ಇಡುತ್ತಿದ್ದ. ಯಾಕೆ ಆ ಕಡೆ ಹಾರಿದೆ ಎಂದು ಕೇಳಿದರೆ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ಗೆಳೆಯನ ಹೆಸರಿನ ಕಳಂಕ ತೊಳೆಯುವ ಕೆಲಸವನ್ನು ಕಾಕಾ ತಾನೇ ಮೈಮೇಲೆ ಹಾಕಿಕೊಂಡ.

ಮೊದಲು ಓರೆ ಬಿಸಿಲಿನದು ತಪ್ಪು ಎಂದ. ಆಮೇಲೆ ನೆಲದ್ದು. ಪೆನಾಲ್ಟಿ ಹೊಡೆದ ಜಾಗದಲ್ಲಿ ನಿಂತು ತಂಬಿಗೆಯಿಂದ ನೀರು ಸುರಿದ. ನೀರು ನೆಟ್ಟಗೆ ಗೋಲಿನ ಕಡೆ ಹರಿಯಿತು. "ನೋಡು, ಇಳಿಜಾರ ಅದ. ಇಲ್ಲಿಟ್ಟ ಚೆಂಡು ಒದೀದಿದ್ರೂ ಒಳಗ ಹೋಗ್ತದ." ದಾರಿಯಲ್ಲಿ ಹೊರಟವರೊಬ್ಬರು ಭಕ್ತಿಯಿಂದ ನಿಂತು ಕೇಳಿದರು, "ಯಾರಿಗೆ ತರ್ಪಣ ಬಿಡಾಕತ್ತೀರಿ ಆಚಾರ್ರ?"

"ಶಿಗ್ಗಾಂವದವರಿಗೆ," ಎಂದ ಕಾಕಾ.

ಶಿಗ್ಗಾಂವದ ಒಂದು ಮದುವೆಯಲ್ಲಿ ಆ ಗೋಲು ಹೊಡೆದವನೇ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಬಂದು ಕೂತ. ಕಾಕಾ ಹೋಳಿಗೆ ಬಿಟ್ಟು ವಿಚಾರಣೆಗೆ ಇಳಿದ. ಯಾವ ಕಾಲಿನಿಂದ ಒದ್ದೆ? ಒದೆಯುವ ಮೊದಲು ಯಾವ ಕಡೆ ನೋಡಿದೆ? ಅವನು ಕೈಮುಗಿದ. "ಬಿಡ್ರಿ ಸರ್, ಈಗ ನನಗ ಮೊಣಕಾಲ ಬ್ಯಾನಿ."

"ಅದು ಅವತ್ತ ಬರಬೇಕಾಗಿತ್ತು," ಎಂದು ಕಾಕಾ ಹೋಳಿಗೆಗೆ ತುಪ್ಪ ಹಾಕಿಸಿಕೊಂಡ.

ಊರವರ ತಪ್ಪನ್ನೆಲ್ಲ ಹುಡುಕುವ ಈ ಮನುಷ್ಯ ತಾನು ಪಂಚಾಂಗ ಬಿಟ್ಟು ಹೆಜ್ಜೆ ಇಡುವವನಲ್ಲ. ರವಿವಾರ ಪಡುವಣಕ್ಕೆ ಶೂಲ. ಆ ದಿನ ಆ ಕಡೆ ಹೊರಟರೆ ಕೆಲಸ ಕೆಡುತ್ತದೆಂದು ಅವನ ನಂಬಿಕೆ. ಹಾನಗಲ್ಲಿನಲ್ಲಿ ನನ್ನ ಮನೆಯ ಗೃಹಪ್ರವೇಶ ರವಿವಾರವೇ ಬಿತ್ತು. ನಾವು ಅವನಿಗೆ ಪಡುವಣಕ್ಕಾಗುತ್ತೇವೆಂದು ಮುಂಚೆಯೇ ಬಂದು ಇಳಿದ. ಸೋಮವಾರ ಮೂಡಣಕ್ಕೆ ಶೂಲವೆಂದು ಇನ್ನೂ ಒಂದು ದಿನ ಉಂಡ. ಪಂಚಾಂಗದ ಬಗ್ಗೆ ನನ್ನ ಹೆಂಡತಿಗೆ ಅಂದಿನಿಂದ ಸ್ವಂತ ಅಭಿಪ್ರಾಯವಿದೆ.

ಹೋದ ಮಳೆಗಾಲದಲ್ಲಿ ಇಮಾಮಸಾಬ ತೀರಿಕೊಂಡ. ಮಣ್ಣಿಗೆ ಬಂದವರಲ್ಲೂ ಯಾರೋ "ಪಾಪ, ತೂತುಗೈ" ಎಂದರಂತೆ. ಇನ್ನಾದರೂ ಕಾಕಾ ಆ ಪಂದ್ಯ ಬಿಡುತ್ತಾನೆ ಎಂದುಕೊಂಡೆವು. ಬಿಡಲಿಲ್ಲ. ಬೈಯುವುದು ಮಾತ್ರ ನಿಂತಿತು. ಈಗ ಒಂದು ಮಾತಾಡಿ, ಸ್ವಲ್ಪ ತಡೆದು, ಉತ್ತರ ಬಂದವನ ಹಾಗೆ ತಲೆಯಾಡಿಸುತ್ತಿದ್ದ. ಅವನ ಹೆಂಡತಿ, ನಮ್ಮ ಕಾಕು, ಫೋನಿನಲ್ಲಿ ಹೇಳಿದಳು, "ಒಮ್ಮೆ ಬಂದು ನೋಡೋ. ನನಗ ಅಂಜಿಕಿ ಬರಾಕತ್ತೇದ."

ಶನಿವಾರ ಸಂಜೆ ಹೋದೆ. ಬಿಸಿಲು ಇನ್ನೂ ಇತ್ತು, ಆದರೂ ಆ ಮೈದಾನದಲ್ಲಿ ಏನೋ ಸರಿಯಿರಲಿಲ್ಲ. ಆಡುಗಳು ಎಲ್ಲ ಕಡೆ ಹುಲ್ಲು ಬೋಳಿಸಿದ್ದವು. ಗೋಲಿನ ಕಂಬಗಳ ನಡುವೆ ಮಾತ್ರ ಅದು ಹಾಗೇ ಎದ್ದು ನಿಂತಿತ್ತು. ನಾನು ನೋಡುತ್ತಿರುವಾಗಲೇ ಒಂದು ಆಡು ಅಲ್ಲಿಯವರೆಗೆ ಬಂತು, ತಲೆ ಎತ್ತಿ ನೋಡಿತು, ನಿಂತವರನ್ನು ಬಳಸುವ ಹಾಗೆ ಬಳಸಿ ಹೋಯಿತು. ನಾನು ಕಂಬಕ್ಕೆ ಒರಗಲು ಹೋದೆ.

"ಅಲ್ಲಿ ಬ್ಯಾಡ. ಇಮಾಮ ನಿಂತಾನ."

ನನಗೆ ನಗು ಬರಬೇಕಿತ್ತು. ಬರಲಿಲ್ಲ. ಹಸಿ ವೀಳ್ಯದೆಲೆಯ ವಾಸನೆ ಮೂಗಿಗೆ ಬಡಿಯಿತು. ಕಾಕಾ ಎಂದೂ ಎಲೆ ಹಾಕಿದವನಲ್ಲ, ನಾನೂ ಅಲ್ಲ.

ಕಾಕಾ ಚೆಂಡು ತಂದು ಇಳಿಜಾರಿನ ಮೇಲಿಟ್ಟ. "ನೀ ಶಿಗ್ಗಾಂವದಾಂವ. ಪಡವಲ ಕಂಬಕ್ಕ ಒದಿ." ಆಮೇಲೆ ಖಾಲಿ ಗೋಲಿನ ಕಡೆ ತಿರುಗಿ, ಮೆಲ್ಲಗೆ ಹೇಳಿದ, "ಇಮಾಮ, ಪಂಚಾಂಗ ಬಿಡು. ಪಡವಲಕ್ಕ ಹಾರು."

ಒದ್ದೆ. ಚೆಂಡು ಹುಲ್ಲಿನೊಳಗೆ ಹೊಕ್ಕಿತು. ಅಂಗೈಗೆ ಬಡಿದಂಥ ಸಣ್ಣ ಸಪ್ಪಳವಾಯಿತು. ಸ್ವಲ್ಪ ಹೊತ್ತಿಗೆ ಅದು ಮರಳಿ ಬಂತು. ತಂಬಿಗೆಯ ನೀರು ಇಳಿದುಹೋದ ದಾರಿಯಲ್ಲೇ, ನಿಧಾನವಾಗಿ ಏರು ಹತ್ತಿ, ಕಾಕಾನ ಕಾಲ ಬಳಿ ನಿಂತಿತು. ಗಾಳಿ ಇರಲಿಲ್ಲ. ಕಲ್ಲಿಗೆ ಬಡಿದಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ, ಹೋಗಿ ಹುಲ್ಲು ಸರಿಸಿ ನೋಡುವ ಧೈರ್ಯ ಮಾತ್ರ ಆಗಲಿಲ್ಲ.

"ಹಿಡದಾ," ಎಂದ ಕಾಕಾ. ಅಳುತ್ತಿದ್ದ.

ಆಗ ಹೇಳಿದ. ಆ ಪಂದ್ಯ ನಡೆದದ್ದು ರವಿವಾರ. ಪೆನಾಲ್ಟಿ ಸಿಕ್ಕ ಕೂಡಲೇ ಇವನು ಗೋಲಿನ ಹಿಂದೆ ಓಡಿಹೋಗಿ ಗೆಳೆಯನ ಕಿವಿಯಲ್ಲಿ ಊದಿದ್ದ: ಇವತ್ತು ಪಡುವಣಕ್ಕೆ ಶೂಲ, ಆ ಕಡೆ ಹಾರಬೇಡ. "ದಿನಾ ಪಡವಲಕ್ಕ ಮುಖಾ ಮಾಡಿ ನಮಾಜ ಮಾಡಾಂವ, ನನ್ನ ಒಂದ ಮಾತಿಗೆ ಪಡವಲ ಬಿಟ್ಟು ಹಾರಿದ. ನನ್ನ ಹೆಸರು ಯಾರ ಮುಂದೂ ಎತ್ತಲಿಲ್ಲ. ನಾನರ ಹೇಳಬೇಕಿತ್ತಿಲ್ಲೋ? ಬಿಸಲು ಅಂದೆ, ನೆಲಾ ಅಂದೆ."

ಮರುದಿನ ರವಿವಾರ. ಬೆಳಿಗ್ಗೆ ಕಾಕಾ ಶಲ್ಯ ಹೊದ್ದು ಚಪ್ಪಲಿ ಮೆಟ್ಟಿದ. ಇಮಾಮಸಾಬನ ಮನೆ ಇರುವುದು ಪಡುವಣದ ಓಣಿಯಲ್ಲಿ. ಕಾಕು ಬಾಗಿಲಿಗೆ ಬಂದಳು. "ಅಲ್ಲರೀ, ಇವತ್ತ ಆ ಕಡೆ..."

"ಕೆಡೋದು ಯಾವಾಗೋ ಕೆಟ್ಟದ," ಎಂದು ಹೊರಟೇಬಿಟ್ಟ. ಅವನು ರವಿವಾರ ಪಡುವಣಕ್ಕೆ ನಡೆದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಇಮಾಮಸಾಬನ ಹೆಂಡತಿ ಕಟ್ಟೆಯ ಮೇಲೆ ಕೂತು ಎಲೆ ಜೋಡಿಸುತ್ತಿದ್ದರು. ಕಾಕಾ ನಿಂತಲ್ಲೇ, ಓಣಿಗೆಲ್ಲ ಕೇಳುವಂತೆ, ನಡೆದದ್ದನ್ನು ಹೇಳಿದ. ಬಾಗಿಲುಗಳಲ್ಲಿ ಜನ ಬಂದು ನಿಂತರು. "ಅವನ ಕೈ ತೂತಿರಲಿಲ್ಲರೀ. ನನ್ನ ಬುದ್ಧಿ ತೂತಿತ್ತು."

ಆಕೆ ಎಲೆಯಿಂದ ಕಣ್ಣು ಎತ್ತಲಿಲ್ಲ. "ನನಗ ಗೊತ್ತೈತ್ರಿ ಆಚಾರ್ರ. ಅವತ್ತ ಮನಿಗಿ ಬಂದು ಹೇಳಿದ್ರು. 'ನನ್ನ ನೋಡಿ ನಕ್ಕರೂ ಮಂದಿ ಎಲಿ ಒಯ್ತಾರ. ಆಚಾರ್ರನ್ನ ನೋಡಿ ನಕ್ಕರ ಅವರ ಹತ್ರ ಪಂಚಾಂಗ ಕೇಳಾಕ ಯಾರ ಬರ್ತಾರ?' ಅಂದ್ರು. ಕುಂದರ್ರಿ."

ಎರಡೆಲೆ ತೆಗೆದು ಕಾಕಾನ ಕೈಗಿಟ್ಟರು. ಎಂದೂ ಎಲೆ ಹಾಕದ ನಮ್ಮ ಕಾಕಾ ಅವನ್ನು ಬಾಯಿಗಿಟ್ಟುಕೊಂಡು, ಆ ಕಟ್ಟೆಯ ಮೇಲೆ, ಪಡುವಣಕ್ಕೆ ಮುಖ ಮಾಡಿ ಕುಳಿತ.