ತಾಳ್ಮೆ ಇರೋ ನೀರು

ಇದನ್ನ ಯಾರ ಹತ್ರಾನೂ ಬಾಯಿ ಬಿಡಬೇಡ ಅಂತ ಚಿಕ್ಕಮ್ಮ ಸಾರಿ ಸಾರಿ ಹೇಳಿದ್ದಾಳೆ. ನಾನು ಪುಸ್ತಕದಿಂದ ತಲೆ ಎತ್ತೋದೇ ಅಪರೂಪ, ಮಾತೂ ಕಮ್ಮಿ, ಅದಕ್ಕೇ ನಂಬಿ ಹೇಳಿದ್ಲು. ಆದ್ರೆ ಹೊಟ್ಟೇಲಿ ನಿಲ್ತಾ ಇಲ್ಲ. ಹೇಳಿಬಿಡ್ತೀನಿ.

ವಿಷಯ ಏನಂದ್ರೆ, ನಮ್ಮ ಕಾಲೋನಿಯ ದುರಸ್ತಿ ಕಚೇರಿಯಲ್ಲಿ ನೆಮ್ಮದಿಯು ಸಂಪೂರ್ಣವಾಗಿ ಜಾರಿಗೆ ಬಂದಿರುತ್ತದೆ.

ಮೊದಲು ಹಾಗಿರಲಿಲ್ಲ. ಅಲ್ಲಿ ಬಾಯಿಮಾತಿನ ದೂರು ನಡೀತಿರಲಿಲ್ಲ, ಸಾಕ್ಷಿ ತರಬೇಕಿತ್ತು. ಚಿಲಕ ಮುರಿದ್ರೆ ಚಿಲಕ, ಗಾರೆ ಉದುರಿದ್ರೆ ಗಾರೆ. ರಿಪೇರಿ ಆದ ಮೇಲೆ ಸಾಕ್ಷಿ ವಾಪಸ್. ಹಾಗಾಗಿ ದೂರು ತಗೊಳ್ಳೋ ಚಿಕ್ಕಮ್ಮನ ಮೇಜು ಒಳ್ಳೇ ಗುಜರಿ ಅಂಗಡಿ ಥರ ಇತ್ತು. ತುಕ್ಕು ಹಿಡಿದ ನಲ್ಲಿ, ಸುಟ್ಟ ಸ್ವಿಚ್ಚು, ಯಾರದೋ ಬಚ್ಚಲಬಾಗಿಲ ಹಿಡಿ. ಅವುಗಳ ಮಧ್ಯೆ ಒಂದು ಬಾಟಲಿ ಕಂದು ನೀರು. ಅದು ಅಜ್ಜೀದು, ಅಂದ್ರೆ ಚಿಕ್ಕಮ್ಮನ ಅಮ್ಮಂದು. ಸೂರು ಸರಿಯಾಗಿ ಅಜ್ಜಿ ಮಂಚದ ಮೇಲೇ ತೊಟ್ಟಿಕ್ತಿತ್ತು. ಅಜ್ಜಿ ಅಡುಗೆಮನೇಲಿ ಎರಡು ಕುರ್ಚಿ ಜೋಡಿಸ್ಕೊಂಡು ಮಲಗ್ತಿದ್ಲು.

"ಮಗಳು ದುರಸ್ತಿ ಕಚೇರೀಲಿದಾಳೆ ಅಂತ ಎಲ್ಲರ ಹತ್ರ ಜಂಬ ಕೊಚ್ಕೋತೀನಿ. ಮಲಗೋಕೆ ಮಾತ್ರ ಕೊಡೆ ಬೇಕು."

"ಈ ವಾರ ಮಾಡಿಸ್ತೀನಮ್ಮಾ. ಮನೆಯವರದ್ದೇ ಮೊದಲು ಮಾಡಿಸಿದ್ರೆ ಜನ ಆಡ್ಕೋತಾರೆ."

"ಆಡ್ಕೊಳ್ಳೋರು ಯಾರೂ ನೆನೆದಿಲ್ಲ ಕಣೆ."

ಆ ವಾರವೇ ಕಚೇರಿಯ ಸಾಹೇಬರು ಗೋಡೆಗೆ ಪ್ರಕಟಣೆ ಅಂಟಿಸಿದ್ರು.

"ಸಮಸ್ತ ಸಿಬ್ಬಂದಿಗೆ ತಿಳಿಯಪಡಿಸುವುದೇನೆಂದರೆ, ಮೇಜಿನ ಮೇಲಿನ ಗಲೀಜೇ ಮನಸ್ಸಿನೊಳಗಿನ ಗಲೀಜಿಗೆ ಮೂಲವಾಗಿರುತ್ತದೆ. ಆದ್ದರಿಂದ ನೆಮ್ಮದಿ ತಜ್ಞರೊಬ್ಬರನ್ನು ನೇಮಿಸಲಾಗಿದೆ. ಸಿಬ್ಬಂದಿ ತಕ್ಷಣದಿಂದ ನೆಮ್ಮದಿಯಾಗಿರತಕ್ಕದ್ದು. ತಪ್ಪಿದಲ್ಲಿ ಶಿಸ್ತುಕ್ರಮ ಜರುಗಿಸಲಾಗುವುದು."

ತಜ್ಞ ಬಂದ. ಮೆತ್ತನೆ ಚಪ್ಪಲಿ, ಅದಕ್ಕಿಂತ ಮೆತ್ತನೆ ದನಿ. ಚಿಕ್ಕಮ್ಮನ ಮೇಜು ನೋಡಿದವನೇ ಎದೆ ಹಿಡ್ಕೊಂಡ.

"ಅಕ್ಕಾ, ಇಷ್ಟೆಲ್ಲ ಎದುರಿಗಿಟ್ಕೊಂಡು ಏಕಾಗ್ರತೆ ಹೇಗೆ ಬರುತ್ತೆ?"

"ಇದೇ ನನ್ನ ಕೆಲಸ ಸಾರ್."

"ನೋಡಿದ್ರಾ," ಅಂತ ಸಾಹೇಬರ ಕಡೆ ತಿರುಗಿದ. "ಗಮನ ಕೆಡಿಸ್ತಿರೋದೇ ಕೆಲಸ."

ಸಾಹೇಬರು ಬರ್ಕೊಂಡ್ರು.

ಹೊಸ ನಿಯಮ ಬಂತು: ಮೇಜಿಗೆ ಒಂದೇ ವಸ್ತು, ಅದೂ ಮನಸ್ಸಿಗೆ ಹತ್ತಿರವಾದದ್ದು. ಸಾಹೇಬರು ತಮ್ಮದೇ ಫೋಟೋ ಇಟ್ಕೊಂಡ್ರು. ನಲ್ಲಿ, ಚಿಲಕ, ಗಾರೆ ಎಲ್ಲ ಗೋಣಿಚೀಲ ಸೇರಿ ಮೆಟ್ಟಿಲ ಕೆಳಗಿನ ಕೋಣೆಗೆ ಹೋಯ್ತು. ಸಾಕ್ಷಿ ಇಲ್ಲ ಅಂದ ಮೇಲೆ ದೂರೂ ಇಲ್ಲ ತಾನೆ? ಒಂದೇ ಮಧ್ಯಾಹ್ನದಲ್ಲಿ ಇಡೀ ಕಾಲೋನಿ ರಿಪೇರಿ ಆಯ್ತು.

ಒಂದೇ ಉಳಿಸ್ಕೋಬಹುದು ಅಂದ್ರೆ ಅಮ್ಮಂದೇ ಇರಲಿ, ಹೀಗಾದ್ರೂ ಅವಳ ದೂರು ಉಳಿಯುತ್ತೆ ಅಂತ ಚಿಕ್ಕಮ್ಮ ಬಾಟಲಿ ಇಟ್ಕೊಂಡ್ಲು.

ತಜ್ಞ ಬಗ್ಗಿ ನೋಡಿದ. "ಇದೇನಕ್ಕಾ?"

"ಸೂರಿಂದ ತೊಟ್ಟಿಕ್ಕಿದ್ದು ಸಾರ್. ನಮ್ಮಮ್ಮನ ಮಂಚದ ಮೇಲೆ..."

"ಶ್!" ಅವನು ಕಣ್ಣು ಮುಚ್ಚಿದ. "ನಲ್ಲಿ ನೀರಿಗೆ ಆತುರ ಜಾಸ್ತಿ. ಇದು ಒಂದೊಂದೇ ಹನಿಯಾಗಿ ಇಳಿದು ಬಂದಿರೋದು. ಇದಕ್ಕೆ ತಾಳ್ಮೆ ಇದೆ."

ಸಾಹೇಬರೂ ಬಗ್ಗಿ ನೋಡಿ, ಏನೋ ಹಗುರ ಆದಂಗಾಯ್ತು ಅಂದ್ರು. ಆಮೇಲೆ ಚಿಕ್ಕಮ್ಮನಿಗೆ ಶಭಾಷ್ ಅಂದ್ರು. ಆ ಕಚೇರೀಲಿ ಅವಳಿಗೆ ಯಾರೂ ಶಭಾಷ್ ಅಂದಿದ್ದೇ ಇಲ್ಲ. ರಿಪೇರಿ ಮಾತು ಅವಳ ನಾಲಿಗೆ ತುದೀಲೇ ಉಳೀತು.

ಮಾರನೇ ದಿನ ಇನ್ನೊಂದು ಪ್ರಕಟಣೆ. "ಪ್ರತಿ ಮೇಜಿಗೂ ತಾಳ್ಮೆಯುಳ್ಳ ನೀರು ಕಡ್ಡಾಯ. ಸದರಿ ನೀರಿನ ಮೂಲವಾದ ಸೋರಿಕೆಯನ್ನು ಯಾರೂ ನಿಲ್ಲಿಸತಕ್ಕದ್ದಲ್ಲ."

ಪ್ಲಂಬರ್ ಏಣಿ ಹೊತ್ಕೊಂಡು ಮನೆಗೆ ಬಂದಾಗ ಅಜ್ಜಿ ಮುಖ ಇಷ್ಟಗಲ ಆಯ್ತು.

"ಅಂತೂ ಬಂದ್ಯೇನಪ್ಪಾ!"

"ಬಂದೆ ಅಜ್ಜಿ. ನೀರು ಸಾಲ್ತಿಲ್ವಂತೆ. ಬಿರುಕು ಸ್ವಲ್ಪ ಅಗಲ ಮಾಡಬೇಕು."

"ನಿನ್ನ ತಲೆ!"

"ಬೈಬೇಡಿ ಅಜ್ಜಿ. ಇಷ್ಟು ವರ್ಷ ಸೋರೋದನ್ನ ನಿಲ್ಲಿಸ್ದೆ, ಒಬ್ರೂ ಕಾಫಿ ಕುಡೀತೀಯಾ ಅನ್ನಲಿಲ್ಲ. ಈಗ ನಾನು ಸೋರಿಕೆ ಸಂರಕ್ಷಣಾಧಿಕಾರಿ. ಟೋಪೀನೂ ಕೊಟ್ಟಿದ್ದಾರೆ."

ಮಂಚ ಹೊರಗೆ ಹೋಯ್ತು, ಕಚೇರಿಯ ಬಕೆಟ್ ಒಳಗೆ ಬಂತು. ಅಕ್ಕಪಕ್ಕದವರು ಲೋಟ ಹಿಡ್ಕೊಂಡು ಬಂದ್ರು. "ನಮ್ಮ ಹುಡುಗಂಗೆ ಪರೀಕ್ಷೆ, ಒಂಚೂರು ಕೊಡಿ," ಅಂತ ಕೇಳೋರು. ಮೇಲಿನ ಮನೆಯವರಿಗೆ ಮಾತ್ರ ಹೊಟ್ಟೆಕಿಚ್ಚು. ನೀರು ಅಸಲಿಗೆ ತಮ್ಮ ಪೈಪಿಂದು, ಹೆಸರು ಮಾತ್ರ ಕೆಳಗಿನವರಿಗೆ ಅಂತ.

"ನೀನಾದ್ರೂ ಬಾಯಿ ಬಿಡ್ಬಾರ್ದೇನೆ?" ಅಂದ್ಲು ಅಜ್ಜಿ.

"ಸ್ವಲ್ಪ ಹೊಂದ್ಕೋಮ್ಮಾ. ಇಡೀ ಕಚೇರಿ ನಿನ್ನ ಸೂರಿನ ಮೇಲೆ ನಿಂತಿದೆ."

"ಅದಕ್ಕೇ ಬಿರುಕು ಬಿಟ್ಟಿರೋದು."

ಬಿರುಕು ಅಲ್ಲಿಗೇ ನಿಲ್ಲಲಿಲ್ಲ. ಗೋಡೆ ದಾಟಿ ಅಡುಗೆಮನೆಗೂ ಹೋಯ್ತು. ಒಂದು ಬೆಳಿಗ್ಗೆ ಅಜ್ಜಿ ಕಾಫಿಗೆ ನೀರಿಡೋಕೆ ಏಳೋದೇ ತಡ, ಅವಳ ತಲೆ ಇದ್ದ ಕುರ್ಚಿ ಮೇಲೆ ದಪ್ಪಂತ ಗಾರೆ ಬಿತ್ತು. ಕುರ್ಚಿ ಕಾಲು ಮುರೀತು. ಅಜ್ಜಿಗೆ ಪದ್ಧತಿ ಗೊತ್ತಿತ್ತಲ್ಲ, ಆ ಗಾರೆ ಹೆಂಟೆಯನ್ನ ಟವೆಲ್ಲಲ್ಲಿ ಸುತ್ಕೊಂಡು, ಕೊಡೆ ಊರ್ಕೊಂಡು, ಕಚೇರಿಗೆ ಹೊರಟ್ಲು.

ಬಾಗಿಲು ಹಾಕಿತ್ತು. ಮೇಲೆ ಬೋರ್ಡು: "ಏಕಾಗ್ರತೆಯ ಸಮಯ. ಸಮಸ್ಯೆಗಳು ಹೊರಗೆ ಕಾಯತಕ್ಕದ್ದು."

ಒಳಗೆ ಎಲ್ಲರೂ ತಂತಮ್ಮ ಬಾಟಲಿ ನೋಡ್ತಾ ಕೂತಿದ್ರು. ಯಾರ ನೀರು ಅಲುಗಾಡುತ್ತೋ ಅವರ ಮನಸ್ಸು ಚಂಚಲ ಅಂತ ಲೆಕ್ಕ. ಚಿಕ್ಕಮ್ಮನ ನೀರು ಈ ತನಕ ಅಲುಗಾಡಿರಲಿಲ್ಲ. ಅವತ್ತು ಅವಳಿಗೆ ಸನ್ಮಾನ ಬೇರೆ ಇತ್ತು.

ಕೊಡೆ ಹಿಡಿಯಿಂದ ಬಾಗಿಲು ಬಡಿದ ಸದ್ದಾಯ್ತು. ಹಾಗೆ ಬಡಿಯೋರು ಒಬ್ರೇ. ಚಿಕ್ಕಮ್ಮ ಅರ್ಧ ಎದ್ಲು. ಮಂಡಿ ಮೇಜಿಗೆ ತಾಗಿ ನೀರು ಅಲುಗಾಡ್ತು. ತಜ್ಞ ಒಂದು ಬೆರಳೆತ್ತಿದ. ಸಾಹೇಬರು ಹುಬ್ಬೆತ್ತಿದ್ರು.

ಚಿಕ್ಕಮ್ಮ ಕೂತ್ಕೊಂಡ್ಲು. ನೀರೂ ಮೆಲ್ಲಗೆ ನಿಂತ್ಕೊಳ್ತು.

"ಶಭಾಷ್," ಅಂತ ಸಾಹೇಬರು ಪಿಸುಗುಟ್ಟಿದ್ರು.

"ನಾನು ಕಣೇ," ಅಂತು ಬಾಗಿಲಾಚೆ ದನಿ. "ಸಾಕ್ಷಿ ತಂದಿದೀನಿ."

ಎಲ್ಲರೂ ಬಾಟಲಿ ನೋಡ್ತಿದ್ರು. ಕೊಡೆ ಬಾಗಿಲನ್ನ ಇನ್ನೊಂದ್ಸಲ ಬಡೀತು.